ಬಿಸಿ ಇದೆ ಸರ್, ಆರಲಿ

ಈ ವಾರ ಮಷೀನ್ ಶಾಪಿಗೆ ಟ್ರಯಲ್‌ಗೆ ಬಂದವರಲ್ಲಿ ಒಬ್ಬರು ನಲವತ್ತೈದು ದಾಟಿದ ಸಿಎನ್‌ಸಿ ಸೆಟ್ಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಮಷೀನನ್ನು ಹೊಸ ಕೆಲಸಕ್ಕೆ ಹೊಂದಿಸುವವರು. ಇದ್ದ ಕಂಪನಿ ಬಾಗಿಲು ಹಾಕಿ ಏಳು ತಿಂಗಳಾಗಿತ್ತಂತೆ. ಪೀಣ್ಯದಲ್ಲಿ ಇಂಥವರು ದಿನಾ ಕಣ್ಣಿಗೆ ಬೀಳುತ್ತಾರೆ, ಪ್ಲಾಸ್ಟಿಕ್ ಕವರ್‌ನಲ್ಲಿ ಬಯೋಡೇಟಾ ಹಿಡಿದು ಗೇಟಿನ ಹತ್ತಿರ ನಿಂತಿರುತ್ತಾರೆ.

ಎಚ್‌ಆರ್ ಹುಡುಗ ಮೊದಲು ಕೇಳಿದ್ದೇ, “ಏಳು ತಿಂಗಳು ಏನ್ ಮಾಡ್ತಾ ಇದ್ರಿ?”

“ಏನಿಲ್ಲ ಸರ್, ಹುಡುಕ್ತಾ ಇದ್ದೆ.”

ಮಗನ ವಯಸ್ಸಿನವನಿಗೆ ಸರ್. ಹುಡುಗ ಕೆಟ್ಟವನಲ್ಲ, ಆದರೆ ಚಕ್‌ಗೂ ಕಾಲೆಟ್‌ಗೂ (ಎರಡೂ ಜಾಬ್ ಅಂದರೆ ಕಡಿಯುವ ತುಂಡನ್ನು ಹಿಡಿಯುವ ಭಾಗಗಳು) ವ್ಯತ್ಯಾಸ ಗೊತ್ತಿಲ್ಲದವನ ಕೈಲಿ ಸೆಟ್ಟರ್‌ಗಳನ್ನು ಆರಿಸಲು ಬಿಟ್ಟವರ ಬುದ್ಧಿಗೆ ಏನು ಹೇಳೋದು? ಆಮೇಲೆ ಮಷೀನ್ ನಡೆಸುವ ಕಂಟ್ರೋಲ್ ಬಗ್ಗೆ ಇನ್ನೊಂದು ಪ್ರಶ್ನೆ: “ನಮ್ಮಲ್ಲಿ ಸೀಮೆನ್ಸ್ ಇದೆ, ಬರುತ್ತಾ?” ಉತ್ತರ, “ಫ್ಯಾನಕ್ ಮಾತ್ರ ಸರ್.” ಅಷ್ಟೇ. ಬಾಗಿದ ತಲೆ ಎದ್ದಿಲ್ಲ.

ಈ ಉತ್ತರದಲ್ಲೇ ಎಷ್ಟೋ ಜನ ಕೆಲಸ ಕಳೆದುಕೊಳ್ಳುತ್ತಾರೆ. ಫ್ಯಾನಕ್‌ನಲ್ಲಿ ಟೂಲ್ ಕರೆಯೋದು ಟಿ0101, ಸೀಮೆನ್ಸ್‌ನಲ್ಲಿ ಟಿ1 ಡಿ1. ಜಿ96 (ಕಟ್ಟಿಂಗ್ ಸ್ಪೀಡ್ ಒಂದೇ ಸಮ ಇರಿಸುವ ಕೋಡ್) ಹಾಕಿದಾಗ ಸ್ಪಿಂಡಲ್ ಸ್ಪೀಡಿಗೆ ಕಡಿವಾಣ ಅಲ್ಲಿ ಜಿ50 ಎಸ್2000, ಇಲ್ಲಿ ಲಿಮ್ಸ್=2000. ಅದನ್ನು ಮರೆತು ಫೇಸಿಂಗ್ (ತುದಿಯ ಮುಖ ಸಪಾಟಾಗಿ ಕಡಿಯುವುದು) ಮಾಡಿದರೆ ಟೂಲ್ ಸೆಂಟರ್ ಹತ್ತಿರ ಹೋದಂತೆ ಆರ್‌ಪಿಎಂ ಏರುತ್ತಲೇ ಹೋಗಿ, ಸರಿಯಾಗಿ ಹಿಡಿಯದ ಜಾಬ್ ಚಕ್‌ನಿಂದ ಹಾರುತ್ತದೆ. ಇದು ಎರಡು ಕಂಟ್ರೋಲಿಗೂ ಒಂದೇ. ಡೆಸಿಮಲ್ ಪಾಯಿಂಟ್ ಮಾತ್ರ ನೆನಪಿಡಬೇಕು. ಸೀಮೆನ್ಸ್‌ನಲ್ಲಿ ಎಕ್ಸ್40 ಅಂದರೆ 40 ಮಿ.ಮೀ., ಆದರೆ ಬಹಳಷ್ಟು ಫ್ಯಾನಕ್ ಮಷೀನುಗಳಲ್ಲಿ ಪಾಯಿಂಟ್ ಬಿಟ್ಟರೆ ಅದೇ ಎಕ್ಸ್40 ಬರೀ 40 ಮೈಕ್ರಾನ್ (0.04 ಮಿ.ಮೀ.), ಟೂಲ್ ಸೀದಾ ಸೆಂಟರಿಗೇ ನುಗ್ಗುತ್ತದೆ. “ಫ್ಯಾನಕ್ ಚೆನ್ನಾಗಿ ಬರುತ್ತೆ, ಸೀಮೆನ್ಸ್‌ಗೆ ಇಷ್ಟಿಷ್ಟು ಬದಲಾಗುತ್ತೆ, ಒಂದು ವಾರ ಕೊಡಿ” ಅಂದಿದ್ದರೆ ಪ್ರಶ್ನೆ ಕೇಳಿದ ಹುಡುಗನೇ ತಬ್ಬಿಬ್ಬಾಗುತ್ತಿದ್ದ.

ಮಷೀನ್ ಹತ್ತಿರ ಬಂದಾಗ ಮನುಷ್ಯ ಬೇರೆಯೇ. ಕೊಟ್ಟಿದ್ದು ಇಎನ್8 ಸ್ಟೀಲ್ ಶಾಫ್ಟ್, ಡಯಾ 40, ಟಾಲರೆನ್ಸ್ ಮೇಲೆ ಸೊನ್ನೆ, ಕೆಳಗೆ 0.025, ಅಂದರೆ ಅಳತೆ 39.975ರಿಂದ 40.000 ಒಳಗಿರಬೇಕು. ಡ್ರಾಯಿಂಗ್ ನೋಡಿದ ಮೇಲೆ ಸಾಫ್ಟ್ ಜಾ (ಚಕ್‌ನಲ್ಲಿ ಜಾಬ್ ಹಿಡಿಯುವ ಮೆದು ಹಲ್ಲು) ಬೋರ್ ಹೊಡೆದರು, ಜಾಬ್ ಹಿಡಿಯುವ ಪ್ರೆಶರ್‌ನಲ್ಲೇ. ಫೇಸ್ ಮುಟ್ಟಿಸಿ ಜೆಡ್ (ಉದ್ದ), ಒಂದು ತೆಳು ಸ್ಕಿನ್ ಕಟ್ ತೆಗೆದು ಅಳೆದು ಎಕ್ಸ್ (ಡಯಾ) ಹೊಂದಿಸಿದರು. ವೇರ್ ಆಫ್‌ಸೆಟ್‌ನಲ್ಲಿ (ಟೂಲ್ ಅಳತೆಗೆ ಕೊಡುವ ಸಣ್ಣ ತಿದ್ದುಪಡಿ) +0.2 ಕೂಡಿಸಿದರು, ಮೊದಲ ಪೀಸ್ ದಪ್ಪಗೆ ಬರಲಿ ಅಂತ. (ಬೋರಿಂಗ್, ಅಂದರೆ ಒಳರಂಧ್ರ ಕಡಿಯುವುದಾದರೆ −0.2. ಆ ಚಿಹ್ನೆ ತಪ್ಪಿದವರ ಪೀಸ್ ನೇರ ಸ್ಕ್ರಾಪ್ ಡಬ್ಬಕ್ಕೆ.) ಸಿಂಗಲ್ ಬ್ಲಾಕ್ (ಪ್ರೋಗ್ರಾಂ ಒಂದೊಂದೇ ಸಾಲು), ರ‍್ಯಾಪಿಡ್ 25 ಪರ್ಸೆಂಟ್, ಎಡಗೈ ಫೀಡ್ ಹೋಲ್ಡ್ (ಟೂಲ್ ತಡೆಯುವ ಬಟನ್) ಮೇಲೆ.

ಫಿನಿಶ್ ಕಟ್ ಮುಗಿಯಿತು. ಪಕ್ಕದಲ್ಲಿದ್ದ ಸೂಪರ್‌ವೈಸರ್, “ಬೇಗ ಮೈಕ್ ಹಾಕಿ, ನೋಡೋಣ” ಅಂದರು. ಮೈಕ್ ಅಂದರೆ ಮೈಕ್ರೋಮೀಟರ್. ಇವರು ಬರ್ (ಅಂಚಿನ ಚೂಪು ಚೂರು) ತೆಗೆದರು, ಬಟ್ಟೆಯಲ್ಲಿ ಒರೆಸಿದರು, ಬೆರಳಿನಿಂದ ಮುಟ್ಟಿ ನೋಡಿ ಪೀಸನ್ನು ಸರ್ಫೇಸ್ ಪ್ಲೇಟ್ ಮೇಲಿಟ್ಟರು.

“ಬಿಸಿ ಇದೆ ಸರ್, ಆರಲಿ.”

ಕ್ಯಾಬಿನ್‌ನಲ್ಲಿ ಬಾಯಿ ಬಿಡದಿದ್ದವರೇ ಇವರು! ವಾರವಿಡೀ ಆ ಮಾತೇ ತಲೆಯಲ್ಲಿದೆ. ಲೆಕ್ಕ ಹಾಕಿ ನೋಡಿ: 40 ಮಿ.ಮೀ. ಸ್ಟೀಲ್ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಸುಮಾರು 9 ಮೈಕ್ರಾನ್ ಹಿಗ್ಗಿರುತ್ತದೆ. ಬಿಸಿಯಲ್ಲಿ 39.980 ತೋರಿಸಿದ್ದು ಆರಿದ ಮೇಲೆ 39.971, ಅಂದರೆ ರಿಜೆಕ್ಟ್. ಹೊಸ ಹುಡುಗರು ಇಲ್ಲೇ ಕೆಡುವುದು. ಬಿಸಿಯಲ್ಲಿ ಅಳೆದು ಆಫ್‌ಸೆಟ್ ಕೊಡುತ್ತಾರೆ, ಊಟ ಮುಗಿಸಿ ಬಂದು ನೋಡಿದರೆ ಟ್ರೇ ತುಂಬ ಅಂಡರ್‌ಸೈಜ್. “ಆರಲಿ” ಅನ್ನಲು ಗಟ್ಟಿ ಎದೆ ಬೇಕು, ಅದೂ ಕೆಲಸ ಕೊಡುವವರು ಪಕ್ಕದಲ್ಲೇ ನಿಂತು ಅವಸರ ಮಾಡುವಾಗ.

ಹಾಗಾಗಿ ನನಗೆ ಅನ್ನಿಸುವುದು, ಕೈಕೆಲಸದವರಿಗೆ ಮೊದಲು ಟ್ರಯಲ್, ಆಮೇಲೆ ಮಾತುಕತೆ. ಕಂಪನಿಯವರು ತಾವಾಗಿ ಹಾಗೆ ಮಾಡುವುದಿಲ್ಲ, ಬಂದವರೇ “ಮೊದಲು ಮಷೀನ್ ಕೊಡಿ ಸರ್” ಎಂದು ಕೇಳಬೇಕು. ಕೆಲಸವಿಲ್ಲದ ಗ್ಯಾಪ್ ಬಗ್ಗೆ ಉತ್ತರ ಎರಡೇ ವಾಕ್ಯ ಸಾಕು: ಕಂಪನಿ ಮುಚ್ಚಿತು, ಈ ನಡುವೆ ಇಂಥದ್ದು ಮಾಡಿದೆ. ಆ ಎರಡನೇ ವಾಕ್ಯ ಸುಳ್ಳಾಗಬಾರದು ಅಂದರೆ ಮನೆಯಲ್ಲಿ ಕೂರಬಾರದು. ಸಣ್ಣ ಜಾಬ್‌ವರ್ಕ್ ಶೆಡ್‌ಗಳಲ್ಲಿ ದಿನಗೂಲಿಗಾದರೂ ಸೆಟ್ಟಿಂಗ್ ಸಿಗುತ್ತದೆ. ರಾಜಾಜಿನಗರದ ಜಿಟಿಟಿಸಿಯಂಥ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕಡೆ ಕಡಿಮೆ ಅವಧಿಯ ಕೋರ್ಸ್ ವಿಚಾರಿಸಬಹುದು. ತಿಂಗಳುಗಟ್ಟಲೆ ಮೈಕ್ ಹಿಡಿಯದ ಬೆರಳಿಗೆ ರ‍್ಯಾಚೆಟ್‌ನ ಅಂದಾಜು ತಪ್ಪುತ್ತದೆ, ಅದು ತಪ್ಪಿದರೆ ಧೈರ್ಯವೂ ಹೋಗುತ್ತದೆ.

ಪೀಸ್ ಓಕೆ ಆಯಿತು. ಆಮೇಲೆ ಸಂಬಳದ ಚೌಕಾಸಿ, ಗ್ಯಾಪ್ ಹೆಸರಲ್ಲಿ ಆಪರೇಟರ್ ರೇಟ್, ಅಂದರೆ ಹೊಂದಿಸಿಟ್ಟ ಮಷೀನ್ ಬರೀ ನಡೆಸುವವರ ಸಂಬಳ. ಇದಂತೂ ನನಗೆ ಸರಿಕಾಣಲಿಲ್ಲ. ಏಳು ತಿಂಗಳಲ್ಲಿ ಸೆಟ್ಟರ್ ಆಪರೇಟರ್ ಆಗಿಬಿಡುತ್ತಾರಾ? ಮೂರು ತಿಂಗಳ ನಂತರ ಪರಿಷ್ಕರಣೆ ಅಂತ ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ ಅಂದೆ. ಬಾಯಿಮಾತು ಮೂರು ತಿಂಗಳು ಬಾಳುವುದಿಲ್ಲ.

ಇನ್ನೊಂದು ತೊಡಕು ಪಿಎಫ್. ಮುಚ್ಚಿಹೋದ ಕಂಪನಿಗಳು ಎಷ್ಟೋ ಸಲ ಕೆಲಸ ಬಿಟ್ಟ ದಿನಾಂಕವನ್ನೇ ಹಾಕಿರುವುದಿಲ್ಲ. ಹೊಸ ಕಡೆ ಸೇರುವಾಗ, ಹಳೇ ದುಡ್ಡು ವರ್ಗಾಯಿಸುವಾಗ ಅದೇ ಅಡ್ಡ ಬರುತ್ತದೆ. ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಪಿಎಫ್‌ನ ಯುಎಎನ್ (ಸದಸ್ಯರ ಸಂಖ್ಯೆ) ಪೋರ್ಟಲ್‌ಗೆ ಹೋಗಿ, ಮ್ಯಾನೇಜ್ ಕೆಳಗೆ ಮಾರ್ಕ್ ಎಕ್ಸಿಟ್ ಒತ್ತಿ, ಆಧಾರ್ ಒಟಿಪಿ ಕೊಟ್ಟು ನಾವೇ ಹಾಕಿಕೊಳ್ಳಬಹುದು. ಒಮ್ಮೆ ಹಾಕಿದ ದಿನಾಂಕ ತಿದ್ದುವುದು ಕಷ್ಟ, ಪಾಸ್‌ಬುಕ್ ನೋಡಿಕೊಂಡೇ ಹಾಕಬೇಕು. ಇವರದ್ದೂ ಖಾಲಿಯೇ ಇತ್ತು. ಕ್ಯಾಂಟೀನಿನಲ್ಲಿ ಕೂತು ಹಾಕಿದ್ದಾಯಿತು. ಸೋಮವಾರದಿಂದ ಸೆಕೆಂಡ್ ಶಿಫ್ಟ್.