ಪಾಪೆ ದುಂಡಗಿಲ್ಲದ ಕಣ್ಣಿಗೆ ಪ್ರೆಶರ್ ನೋಡಿಸಿ

ನಮ್ಮ ಕಾಕಾನ ಬಲಗಣ್ಣಿನ ಪಾಪೆ ದುಂಡಗಿಲ್ಲ. ಕೆಳಗಡೆ ಸ್ವಲ್ಪ ಕಚ್ಚು ಬಿದ್ದ ಹಾಗಿದೆ. ಬ್ಯಾಟರಿ ಬಿಟ್ಟರೆ ಎಡಗಡೆಯ ಪಾಪೆ ಚಟ್ಟನೆ ಸಣ್ಣದಾಗುತ್ತದೆ, ಬಲಗಡೆಯದು ಹಾಗೇ ಇರುತ್ತದೆ. ಚಿಕ್ಕವರಿದ್ದಾಗ ಬೆಟಗೇರಿಯ ಓಣಿಯಲ್ಲಿ ಚಿಣಿಪಣಿ ಆಡುವಾಗ ಚಿಣಿ ಹಾರಿ ಬಡಿದಿತ್ತು. ಆಗ ಕಣ್ಣೊಳಗೆ ರಕ್ತ ಇಳಿದಿತ್ತಂತೆ, ಆಮೇಲೆ ಆರಾಮಾಯಿತು. ಮಗ್ಗದಲ್ಲಿ ಎಳೆ ಕಡಿದರೆ ಅವರೇ ಹುಡುಕಿ ಗಂಟು ಹಾಕುತ್ತಿದ್ದರು. ಕಣ್ಣು ಕಾಣುತ್ತಿದೆ, ಇನ್ನೇನು ಬೇಕು ಅಂತ ಎಲ್ಲರೂ ಅಂದುಕೊಂಡಿದ್ದೆವು.

ಈ ಸಲ ಹುಬ್ಬಳ್ಳಿಗೆ ಕನ್ನಡಕ ಮಾಡಿಸಲು ಕರೆದುಕೊಂಡು ಹೋದೆ. ಡಾಕ್ಟರು ಪಾಪೆ ನೋಡಿದವರೇ, "ಇದಕ್ಕ ಯಾವಾಗ ಪೆಟ್ಟು ಬಿದ್ದಿತ್ರೀ, ಯಜಮಾನ್ರ?" ಅಂದರು. ಕಣ್ಣಿನ ಪ್ರೆಶರ್, ಅಂದರೆ ಕಣ್ಣೊಳಗಿನ ಒತ್ತಡ, ನೋಡಿದರೆ ಎಡಕ್ಕೆ 16, ಬಲಕ್ಕೆ 31. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರುತ್ತದೆ. ಆಮೇಲೆ ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಕನ್ನಡಿ ಇರುವ ಪುಟ್ಟ ಲೆನ್ಸೊಂದನ್ನು ಕಣ್ಣಿನ ಮೇಲೇ ಇಟ್ಟು, ಸುತ್ತಲೂ ತಿರುಗಿಸಿ ನೋಡಿದರು. ಕಾಕಾ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದರು, ಆದರೆ ನೋವೇನೂ ಆಗಲಿಲ್ಲ.

ನನಗೆ ಅರ್ಥವಾದದ್ದು ಇಷ್ಟು. ಕಣ್ಣಿನ ಒಳಗೆ, ಮುಂಭಾಗದಲ್ಲಿ ಸದಾ ನೀರು ಹುಟ್ಟುತ್ತದೆ. ಕರಿಗುಡ್ಡೆಯ ಅಂಚಿನ ಮೂಲೆಯಲ್ಲಿರುವ ಜಾಲರಿಯಿಂದ ಅದು ಹೊರಗೆ ಹರಿಯುತ್ತದೆ. ಪೆಟ್ಟು ಜೋರಾದರೆ ಪಾಪೆಯನ್ನು ಸಣ್ಣದು ಮಾಡುವ ಸ್ನಾಯು ಹರಿದುಹೋಗಬಹುದು, ಮೂಲೆಯೂ ಸೀಳಿಹೋಗಬಹುದು. ಪಾಪೆಯ ಕಚ್ಚು ನಮಗೆ ಕಾಣುತ್ತದೆ, ಮೂಲೆಯದು ಕಾಣುವುದಿಲ್ಲ. ಅಲ್ಲಿ ಕಲೆ ಕಟ್ಟಿ ನೀರಿನ ದಾರಿ ಕಟ್ಟುತ್ತಾ ಹೋದರೆ ಎಷ್ಟೋ ವರ್ಷಗಳ ಮೇಲೆ ಪ್ರೆಶರ್ ಏರುತ್ತದೆ. ಸುತ್ತಳತೆಯ ಅರ್ಧಕ್ಕಿಂತ ಜಾಸ್ತಿ ಹರಿದಿದ್ದರೆ ಅಪಾಯ ಹೆಚ್ಚು. ಅದೇ ಗ್ಲೌಕೋಮಾ. ನೋವಿಲ್ಲ, ಕೆಂಪಿಲ್ಲ. ನೋಟ ಅಂಚಿನಿಂದ ಸವೆಯುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ.

ಪೆಟ್ಟೇ ಆಗಬೇಕೆಂದಿಲ್ಲ. ಕಣ್ಣೊಳಗಿನ ಉರಿಯೂತದಿಂದ ಪಾಪೆ ಹಿಂದಿನ ಮಸೂರಕ್ಕೆ ಅಂಟಿ ಅಂಕುಡೊಂಕಾದವರಿಗೂ, ಹುಟ್ಟಿನಿಂದಲೇ ಪಾಪೆಯ ಸುತ್ತಲಿನ ಬಣ್ಣದ ಪರದೆ ಸರಿಯಾಗಿ ಬೆಳೆಯದವರಿಗೂ ಈ ಭಯ ಇದೆ. ಆದರೆ ಕೆಲವರಿಗೆ ಪ್ರೆಶರ್ ಒಮ್ಮೆಲೇ ಏರುತ್ತದೆ; ಕಣ್ಣು ಕೆಂಪಾಗಿ, ವಿಪರೀತ ನೋವು, ವಾಂತಿ ಬಂದು, ಪಾಪೆ ಅಗಲವಾಗಿ ನಿಂತುಬಿಟ್ಟರಂತೂ ಬೆಳಗಾಗುವ ತನಕ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಓಡಿ.

ಕನ್ನಡಕದ ಅಂಗಡಿಯಲ್ಲಿ ಬರೀ ನಂಬರ್ ನೋಡಿಸಿದರೆ ಇದು ಸಿಗುವುದಿಲ್ಲ. ಪ್ರೆಶರ್, ಮೂಲೆ, ಕಣ್ಣಿನ ಹಿಂದಿನ ನರ ಮೂರನ್ನೂ ನೋಡಿಸಬೇಕು, ಎರಡೂ ಕಣ್ಣಿಗೆ. ಮೊದಲ ಸಲ ಸರಿ ಇದ್ದರೂ ವರ್ಷಕ್ಕೊಮ್ಮೆ ಹೋಗಬೇಕು.

ಕಾಕಾಗೆ ಈಗ ದಿನಾ ಡ್ರಾಪ್ಸ್ ಇದೆ, ಕಾಕೂನೇ ಹಾಕುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ದಮ್ಮು (ಅಸ್ತಮಾ) ಇದ್ದರೆ ಡ್ರಾಪ್ಸ್ ಬರೆಸಿಕೊಳ್ಳುವ ಮೊದಲೇ ಹೇಳಿ. ಪ್ರೆಶರ್ ಇಳಿಸುವ ಟಿಮೊಲಾಲ್ ಎಂಬ ಡ್ರಾಪ್ಸ್ ಅಂಥವರಿಗೆ ಆಗಿಬರುವುದಿಲ್ಲ.