ಸ್ಪಿರಿಟ್ ಆಫ್ ಸೇಂಟ್ ಲೂಯಿಸ್, 1/12 ಅಳತೆ: ರೆಕ್ಕೆ ಮುಗಿಯಿತು, ಈಗ ಬಾಲ ಮತ್ತು ಮೂತಿ

1927ರ ಮೇ 20ರ ಬೆಳಿಗ್ಗೆ ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಲು ನ್ಯೂಯಾರ್ಕ್ ಬಳಿಯ ರೂಸ್‌ವೆಲ್ಟ್ ಫೀಲ್ಡ್‌ನಿಂದ ಒಬ್ಬರೇ ಪ್ಯಾರಿಸ್ಸಿಗೆ ಹೊರಟಾಗ ಅವರ ಈ ವಿಮಾನ ಹೇಗಿತ್ತೋ ಈ ಮಾದರಿಯೂ ಹಾಗೇ ಇರಬೇಕು. ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿ ಇಂದು ಕಾಣುವಂತೆ ಅಲ್ಲ.

ಅಸಲಿ ರೆಕ್ಕೆಯ ಹರವು 46 ಅಡಿ, ಅಗಲ 7 ಅಡಿ. ಇಲ್ಲಿ 1168 ಮತ್ತು 178 ಮಿ.ಮೀ. ಕ್ಲಾರ್ಕ್ ವೈ ಎಂಬ ರೆಕ್ಕೆಯ ಅಡ್ಡಕೊಯ್ತದ ಆಕಾರದ ರಿಬ್‌ಗಳನ್ನು (ರೆಕ್ಕೆಯ ಪಕ್ಕೆಲುಬುಗಳನ್ನು) 1.5 ಮಿ.ಮೀ. ದಪ್ಪದ ಹಗುರ ಬಾಲ್ಸಾ ಮರದಲ್ಲಿ ಕೊಯ್ದು, ತೆಳು ಟಿಶ್ಯೂ ಕಾಗದ ಹೊದಿಸಿ, ಅರ್ಧಕ್ಕರ್ಧ ಥಿನ್ನರ್ ಬೆರೆಸಿದ ಡೋಪ್ (ಕಾಗದವನ್ನು ಬಿಗಿಸಿ ಗಟ್ಟಿ ಮಾಡುವ ಮೆರುಗೆಣ್ಣೆ) ಮೂರು ಕೈ ಬಳಿದಾಗಿದೆ. ಒಂದು ಮಗ್ಗುಲನ್ನು ಮಾತ್ರ ಬಿಗಿ ಮಾಡಿದರೆ ರೆಕ್ಕೆ ತಿರುಚಿಕೊಳ್ಳುತ್ತದೆ. ಎರಡೂ ಕಡೆ ಹೊದಿಸಿದ ಮೇಲಷ್ಟೇ ನೀರು ಚಿಮುಕಿಸಿ, ರೆಕ್ಕೆತುದಿಯ ಹಿಂದಂಚಿನ ಕೆಳಗೆ 4 ಮಿ.ಮೀ. ಪಟ್ಟಿ ಕೊಟ್ಟು, ಹಲಗೆಗೆ ಪಿನ್ ಹೊಡೆದು ಒಣಗಿಸಬೇಕು.

ಬಾಲವೇ ಈ ವಿಮಾನದ ನಿಜವಾದ ಕಗ್ಗಂಟು. 450 ಗ್ಯಾಲನ್ ಪೆಟ್ರೋಲ್ ಹೊರಲೆಂದು ವಿನ್ಯಾಸಕಾರ ಡೊನಾಲ್ಡ್ ಹಾಲ್ ರಯಾನ್ ಕಂಪನಿಯ ಹಳೆಯ ಎಂ-2 ವಿಮಾನದ ರೆಕ್ಕೆಯನ್ನು 10 ಅಡಿ ಉದ್ದ ಮಾಡಿದರು. ಬಾಲವನ್ನು ಮಾತ್ರ ಸಮಯ ಉಳಿಸಲು ಹಾಗೇ ಬಿಟ್ಟರು. ದೊಡ್ಡ ರೆಕ್ಕೆಗೆ ಬಾಲ ಚಿಕ್ಕದಾಗಿ ವಿಮಾನ ಒಂದು ಕ್ಷಣವೂ ತಾನಾಗಿ ನೇರ ಹಾರುತ್ತಿರಲಿಲ್ಲ. ಮೂವತ್ಮೂರೂವರೆ ಗಂಟೆ ಲಿಂಡ್‌ಬರ್ಗ್ ತೂಕಡಿಸದಂತೆ ಅದು ನೆರವಾಯಿತು ಕೂಡ. ಮಾದರಿಯನ್ನು ನೆಲದಿಂದ ರೇಡಿಯೊ ರಿಮೋಟ್ ಹಿಡಿದು ಹಾರಿಸುವವರಿಗೆ ಆ ಗುಣ ಬೇಡ. ಅಡ್ಡ ಬಾಲದ ವಿಸ್ತೀರ್ಣವನ್ನು ಶೇ. 15ರಷ್ಟು ಹೆಚ್ಚಿಸಿ, ಗುರುತ್ವ ಕೇಂದ್ರವನ್ನು ರೆಕ್ಕೆಯ ಮುಂದಂಚಿನಿಂದ 48 ಮಿ.ಮೀ.ಗೆ ತರುವುದೇ ಸರಿ. ನಿಂತ ಬಾಲವನ್ನು ಮುಟ್ಟಬಾರದು: ಎಲ್ಲ ಫೋಟೊಗಳಲ್ಲೂ ಮೊದಲು ಗುರುತು ಸಿಗುವುದೇ ಅದರ ಅಂಚು. ಬ್ಯಾಟರಿಯನ್ನು ಎಂಜಿನ್ ಹಿಂದಿನ, ಮೂತಿಯ ಟ್ಯಾಂಕಿನ ಜಾಗಕ್ಕೆ ತಳ್ಳಿದರೆ ಸಮತೋಲಕ್ಕೆ ಸೀಸದ ತೂಕ ಹೆಚ್ಚು ಬೇಕಾಗುವುದಿಲ್ಲ. ಅಸಲಿ ಪ್ರೊಪೆಲರ್ 8 ಅಡಿ 9 ಇಂಚು; ಅಂಗಡಿಯ 9 ಇಂಚಿನದು ಬಹುತೇಕ ಅಳತೆಗೇ ಕೂರುತ್ತದೆ.

ಮೂತಿಯ ತಗಡಿಗೆ ಬಂಗಾರದ ಬಣ್ಣ ಬೇಡ. ಮ್ಯೂಸಿಯಂಗೆ ಬಂದ ಮೇಲೆ ಬಳಿದ ವಾರ್ನಿಷ್ ಹಳದಿಯಾದದ್ದು ಅದು. ದೇಶಗಳ ಬಾವುಟಗಳೂ ಆಮೇಲಿನ ಪ್ರವಾಸಗಳವು. ಬರೀ ಅಲ್ಯುಮಿನಿಯಂ, ಅದರ ಮೇಲೆ ಒಂದಕ್ಕೊಂದು ಅರ್ಧ ಸೇರಿದ ಸುತ್ತು ಗೀರುಗಳು, ಅಷ್ಟೇ. 0.1 ಮಿ.ಮೀ. ತಗಡು, ಡ್ರಿಲ್‌ಗೆ ಸಿಕ್ಕಿಸಿದ 3 ಮಿ.ಮೀ. ಮರದ ಕಡ್ಡಿ, ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ (ಲೋಹ ಉಜ್ಜುವ ಒರಟು ಪೇಸ್ಟ್): ಗೀರು ಹಾಕಲು ಇಷ್ಟು ಸಾಕು. ಸಾಲು ನೇರ ಬರಲು ಬದಿಗೆ ಒಂದು ಪಟ್ಟಿ ಕಟ್ಟಿಕೊಂಡು, ತಗಡನ್ನು ಬಗ್ಗಿಸುವ ಮೊದಲೇ ಈ ಕೆಲಸ ಮುಗಿಸಬೇಕು. ಅಂಟಿಸಲು ಕಾಂಟ್ಯಾಕ್ಟ್ ಅಂಟು ಬಳಸಿ. ಸೂಪರ್‌ಗ್ಲೂ ಆವಿ ಹೊಳಪಿನ ಮೇಲೆ ಬಿಳಿ ಪೊರೆ ಕೂರಿಸುತ್ತದೆ.