ಹುಲಿಗೆ ಎಷ್ಟಂತೆ?

ಬೆಳಿಗ್ಗೆ ತಂಗಿಗೆ ಮೆಸೇಜ್ ಮಾಡಲು ಫೋನಿಗೆ ಬಾಯಲ್ಲೇ ಹೇಳಿದೆ: "ಹುಳಿಗೆ ಬೇಳೆ ಇಟ್ಟಿದ್ದೀನಿ." ಅಷ್ಟರಲ್ಲಿ ಕುಕ್ಕರ್ ಕೂಗಿತು. ಫೋನು ಬರೆದದ್ದು "ಹುಲಿಗೆ ಬೆಲೆ ಇಟ್ಟಿದ್ದೀನಿ"! ಹಾಲ್‌ನಲ್ಲಿದ್ದ ಅಮ್ಮನಿಗೆ ಮಾತ್ರ ಅದೇ ಗಲಾಟೆಯಲ್ಲೂ ಸರಿಯಾಗಿ ಕೇಳಿಸಿತ್ತು. "ಬೇಳೆ ಜಾಸ್ತಿ ಹಾಕಿಲ್ಲ ತಾನೆ?" ಅಂದರು.

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಕೀರಲು ಸದ್ದಿಗೆ ಅದರ ಬುಡ ಮಿಡಿಯುತ್ತದೆ, ದಪ್ಪ ದನಿಗೆ ತುದಿ. ದಪ್ಪ ದನಿಗಳಲ್ಲಿ ಸ್ವರದ ಸಣ್ಣ ವ್ಯತ್ಯಾಸವೂ ನಮಗೆ ಗೊತ್ತಾಗುತ್ತದೆ, ಸ್ವರ ಮೇಲೆ ಹೋದಂತೆ ಅಷ್ಟಿಲ್ಲ. ಜನ ಸ್ವರದ ಏರಿಳಿತವನ್ನು ಹೇಗೆ ಕೇಳುತ್ತಾರೆ ಎಂದು ಪರೀಕ್ಷಿಸಿ 1937ರಲ್ಲಿ 'ಮೆಲ್' ಅಳತೆ ಮಾಡಿದರು. ಮೆಲಡಿಯಿಂದ ಬಂದ ಹೆಸರು, ಚೆನ್ನಾಗಿದೆ ಅಲ್ವಾ? ಮಾತು ಗುರುತಿಸುವ ಎಷ್ಟೋ ಸಾಫ್ಟ್‌ವೇರ್‌ಗಳು ಇಂದಿಗೂ ಸದ್ದನ್ನು ಅದೇ ಲೆಕ್ಕದಲ್ಲಿ ಸೋಸುತ್ತವೆ. ಕಿವಿಯ ನಕಲು ಮಾಡಿದ್ದೇನೋ ಆಯ್ತು, ಕುಕ್ಕರ್ ನಡುವೆ ಮಗಳ ದನಿ ಹೆಕ್ಕುವ ಅಮ್ಮನ ಮಿದುಳು?

ತಂಗಿ ಇನ್ನೂ ಕೇಳುತ್ತಿದ್ದಾಳೆ, ಹುಲಿಗೆ ಎಷ್ಟಂತೆ ಅಂತ.